ಗಿಡ್ಡಪ್ಪನ ಕೊರಳಿನ ಹಸಿರು ಬಳೆ

ಆಗಸ್ಟ್ 3, ರವಿವಾರ

ಬಂಕಾಪುರ ಮುಗಿಯಿತು. ಕೋಟೆಯೊಳಗೆ ನವಿಲು ಕೂಗುತ್ತಿದ್ದವು, ಮಳೆ ಬೇರೆ. ಅರವತ್ತು ಕಂಬದ ಗುಡಿಯ ಬಾಗಿಲಲ್ಲಿ ಕಾವಲುಗಾರ ಚೀಲ ಬಿಚ್ಚಿಸಿದ. ಹಳೇ ಗುಡಿಗೆ ಹೆಂಗಸೊಬ್ಬಳು ಭಾರದ ಚೀಲ ಹೊತ್ತು ಬಂದರೆ ನಿಧಿ ಅಗೆಯುವವರ ಪೈಕಿ ಅಂತಲೇ ಲೆಕ್ಕ. ಒಳಗಿದ್ದದ್ದು ಕೆಂಪು ಟೊಪ್ಪಿಗೆ, ಬಿಳೀ ಗಡ್ಡ, ಉಬ್ಬಿದ ಗಲ್ಲದ ಸಿಮೆಂಟಿನ ಗಿಡ್ಡ. ಆತ ಅದನ್ನು ನೋಡಿದ, ನನ್ನನ್ನು ನೋಡಿದ. ತೋಟದಲ್ಲಿ ಇಡುವ ಗೊಂಬೆ ಅಂದೆ. ಮತ್ತೆ ಗುಡಿಗೆ ಯಾಕೆ ತಂದಿರಿ ಅಂದ. ನನ್ನ ತಂಗಿಯನ್ನು ಕೇಳಬೇಕು.

ಶೀಲಾಳದೇ ಹುಚ್ಚು ಇದು. ಹಂಸಭಾವಿಯ ಗಂಡನ ಮನೆಯಲ್ಲಿ ಮಂಚ ಬಿಟ್ಟು ಏಳುವಂತಿಲ್ಲ. ಎರಡು ಸಲ ಬಸಿರು ನಿಲ್ಲಲಿಲ್ಲ. ಇದು ಮೂರನೆಯದು, ಏಳು ತುಂಬುತ್ತಿದೆ. ಬಿಪಿ ಏರಬಾರದು, ಗಾಬರಿ ಆಗಬಾರದು, ಬೆಡ್ ರೆಸ್ಟ್. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ, ಹುಡುಗರನ್ನು ಕಟ್ಟಿಕೊಂಡು ಗುಡಿ ಕೋಟೆ ತಿರುಗುತ್ತಿದ್ದವಳು ಈಗ ಫ್ಯಾನ್ ನೋಡುತ್ತ ಮಲಗಿದ್ದಾಳೆ. ಪರದೇಶದವರು ಇಂಥ ಗಿಡ್ಡನನ್ನು ಊರೂರಿಗೆ ಒಯ್ದು ಫೋಟೋ ತೆಗೆಯುವುದನ್ನು ಮೊಬೈಲಿನಲ್ಲಿ ನೋಡಿದಳಂತೆ. ನಮ್ಮ ಶಿಗ್ಗಾಂವಿ ನರ್ಸರಿಯಲ್ಲಿ ಕುಂಡಗಳ ಲೋಡಿನ ಜೊತೆ ಬಂದು, ಯಾರಿಗೂ ಬೇಡವಾಗಿ ಮೂಲೆಗೆ ಬಿದ್ದವನ ನೆನಪಾಯಿತು. ನನ್ನ ಬದಲಿಗೆ ಅವನು ನೋಡಿ ಬರಲಿ ಅಂದಳು. ಗಿಡ್ಡಪ್ಪ ಅಂತ ಹೆಸರೂ ಇಟ್ಟಳು.

ಕಂಬಕ್ಕೆ ಒರಗಿಸಿ ತೆಗೆದ ಫೋಟೋ ಕಳಿಸಿದೆ. ತಕ್ಷಣ ವಾಯ್ಸ್ ಮೆಸೇಜು. "ಇಂವ ತಿರುಗೂ ತನಕ ನನ್ನ ಕೂಸಿಗೆ ಏನೂ ಆಗಂಗಿಲ್ಲ ನೋಡಕ್ಕ."

ನಗುತ್ತಲೇ ಅಂದಳು. ನನಗೆ ಸೇರಲಿಲ್ಲ. ನಾನು ಹರಕೆ ಗಿರಕೆ ನಂಬುವವಳಲ್ಲ, ಆಕೆಯೂ ನಂಬುತ್ತಿರಲಿಲ್ಲ.

ಆಗಸ್ಟ್ 10, ರವಿವಾರ

ಸವಣೂರು. ಮಠದ ಹಿಂದಿನ ದೊಡ್ಡ ಹುಣಸೆ ಮರಗಳು. ಹುಣಸೆ ಅಲ್ಲವೇ ಅಲ್ಲ, ಆಫ್ರಿಕಾದ ಮರ ಅಂತ ಶೀಲಾ ಹತ್ತು ಸಲ ಹೇಳಿದ್ದಾಳೆ. ಬುಡದ ಬೊಡ್ಡೆಯ ಮಡಿಕೆಯಲ್ಲಿ ಗಿಡ್ಡಪ್ಪನನ್ನು ಕೂರಿಸಿದೆ. ಅಲ್ಲಿ ನೆಟ್‌ವರ್ಕ್ ಸತ್ತಿತ್ತು, ಫೋಟೋ ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಚನ್ನೇಶನ ಕಾಲ್ ಮೇಲೆ ಕಾಲ್. ಚನ್ನೇಶ ಅಂದರೆ ಶೀಲಾಳ ಗಂಡ, ಗೋವಿನಜೋಳದ ವ್ಯಾಪಾರ. ಮೆತ್ತಗಿನ ಮನುಷ್ಯ, ಇವತ್ತು ದನಿ ನಡುಗುತ್ತಿತ್ತು. ಫೋಟೋ ಬರಲಿಲ್ಲ ಅಂತ ಆಕೆ ಬೆಳಗಿನಿಂದ ಊಟ ಮುಟ್ಟಿಲ್ಲ, ಬಿಪಿ ಏರಿದೆ.

ಕಳಿಸಿದೆ. ಊಟ ಮಾಡಿದಳಂತೆ.

ಅಂದರೆ ಇದು ಆಟ ಅಲ್ಲ ಇನ್ನು. ಎಲ್ಲಿ ಬಂದು ಸಿಕ್ಕಿಹಾಕಿಕೊಂಡೆ ನಾನು. ನಮ್ಮ ಮನೆಯವರಿಗೆ ಹೇಳಿದರೆ ಗುಲಾಬಿ ಕಸಿ ಕಟ್ಟುತ್ತ, ಅದೇನು ಒಂದು ಫೋಟೋ ತಾನೆ, ತೆಗಿ ಅತ್ಲಾಗ ಅಂದರು. ಗಂಡಸರಿಗೆ ಎಲ್ಲಾ ಸಸಾರ.

ಆಗಸ್ಟ್ 17, ರವಿವಾರ. ಹಂಸಭಾವಿ

ನಿದ್ದೆ ಬರುತ್ತಿಲ್ಲ. ಬರೆದರೆ ಸರಿಹೋದೀತು.

ಬೆಳಿಗ್ಗೆ ಹತ್ತಿಮತ್ತೂರು. ಊರ ಹೊರಗೆ ಬೇವಿನ ಕಟ್ಟೆ, ಅದರ ಮೇಲೆ ಎರಡು ವೀರಗಲ್ಲು, ನಾಗರ ಕಲ್ಲು, ಮೂಗು ಒಡೆದ ಒಂದೆರಡು ಹಳೇ ಮೂರ್ತಿ. ಶೀಲಾ ಆ ವೀರಗಲ್ಲು ಬೇಕೇ ಬೇಕು ಅಂದಿದ್ದಳು. ಗಿಡ್ಡಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆದೆ, ಕಳಿಸಿದೆ. ಇನ್ನೊಂದು ತೆಗೆಯುವಾಗ ಚನ್ನೇಶನ ಫೋನು. ರಕ್ತ ಕಾಣಿಸಿಕೊಂಡಿದೆ, ಹಿರೇಕೆರೂರಿಗೆ ಒಯ್ಯುತ್ತಿದ್ದೇವೆ ಅಂದ. ಅಷ್ಟೇ ಕೇಳಿದ್ದು. ಸ್ಕೂಟಿ ಹತ್ತಿದವಳು ಹಾವೇರಿ ದಾಟುವ ತನಕ ಎಲ್ಲೂ ನಿಲ್ಲಿಸಲಿಲ್ಲ.

ಕೂಸಿನ ಎದೆಬಡಿತ ಚೆನ್ನಾಗಿದೆ. ಇಂಜೆಕ್ಷನ್ ಕೊಟ್ಟು, ಸಂಜೆ ಮನೆಗೆ ಕಳಿಸಿದರು. ಮಗ್ಗುಲು ಕೂಡ ಕೇಳಿ ತಿರುಗಬೇಕು ಎಂದಿದ್ದಾರೆ. ಮಲಗಿದಲ್ಲಿಂದಲೇ ಶೀಲಾ ಗಿಡ್ಡಪ್ಪ ಎಲ್ಲಿ ಅಂದಳು. ಚೀಲದಾಗ ಅದಾನ ಅಂದೆ.

ಚೀಲ ಖಾಲಿ. ಕಟ್ಟೆಯ ಮೇಲೆ ಬಿಟ್ಟು ಬಂದಿದ್ದೇನೆ.

ಆಗಸ್ಟ್ 21, ಗುರುವಾರ

ಇವತ್ತು ಬಿಡುವಾಯಿತು. ಶೀಲಾ ಸ್ವಲ್ಪ ಸುಧಾರಿಸಿದಳು. ನರ್ಸರಿಗೆ ಹೋಗಿ ಬರುತ್ತೇನೆ ಅಂತ ಹೇಳಿ ನೇರ ಹತ್ತಿಮತ್ತೂರಿಗೆ ಹೋದೆ. ಯಾರಾದರೂ ಎತ್ತಿಕೊಂಡು ಹೋಗಿರುತ್ತಾರೆ, ಇಲ್ಲ ಒಡೆದಿರುತ್ತಾರೆ ಅಂದುಕೊಂಡಿದ್ದೆ.

ಇದ್ದಾನೆ. ನಿಲ್ಲಿಸಿದ ಜಾಗದಲ್ಲೇ. ಹಣೆ ತುಂಬ ಕುಂಕುಮ, ಟೊಪ್ಪಿಗೆಯ ಮೇಲೆ ಅರಿಸಿನದ ಭಂಡಾರ, ಮುಂದೆ ಒಡೆದ ಕಾಯಿ. ಕೊರಳಲ್ಲಿ ಹಳದಿ ದಾರದಲ್ಲಿ ಪೋಣಿಸಿದ ಹಸಿರು ಬಳೆ.

ನಗು ಬಂತು ಮೊದಲು. ಎತ್ತಲು ಹೋದೆ. ಪಕ್ಕದ ಹಿತ್ತಲಿಂದ ಮುದುಕಿಯೊಬ್ಬಳು ಎದ್ದು ಬಂದಳು, ಕರೆವ್ವ ಅಂತ, ಕಟ್ಟೆಗೆ ದಿನಾ ನೀರು ಹಾಕುವವಳು. ಮುಟ್ಟಬ್ಯಾಡ ಅಂದಳು. ಶ್ರಾವಣದಲ್ಲಿ ತಾನಾಗಿ ಬಂದು ನಿಂತ ದೇವರಂತೆ. ಕೂಸು ಬೇಡಿ ಬಳೆ ಕಟ್ಟಿದ್ದಾರಂತೆ. ಕಟ್ಟಿದ ಕೈಯೇ ಬಿಚ್ಚಬೇಕು, ಬೇರೆಯವರು ಬಿಚ್ಚುವ ಹಾಗಿಲ್ಲ. ಅದೂ ಕೂಸು ಆದ ಮೇಲೆ. ನಾನು ಸಿಟ್ಟಿಗೆದ್ದೆ. ಇದು ನನ್ನ ಅಂಗಡಿಯ ಮಾಲು, ಕುಂಡದ ಪಕ್ಕ ಇಟ್ಟು ಮಾರುವಂಥದ್ದು ಅಂದೆ. ಬಂಕಾಪುರದ ಫೋಟೋ, ಸವಣೂರಿನ ಫೋಟೋ ತೋರಿಸಿದೆ. ಕರೆವ್ವ ಕಣ್ಣು ಕಿರಿದು ಮಾಡಿ ನೋಡಿ, ಹಂಗಾರ ಊರೂರು ತಿರುಗಿ ನಮ್ಮೂರಾಗ ನಿಂತಾನ ಅಂದಳು.

ಕೊನೆಗೆ ಹೊಲದಿಂದ ಬಳೆ ಕಟ್ಟಿದವಳನ್ನೇ ಕರೆಸಿದರು. ದಾನವ್ವ. ಹತ್ತಿಯಲ್ಲಿ ಕಳೆ ತೆಗೆಯುತ್ತಿದ್ದಳು, ಮೊಣಕೈ ತನಕ ಮಣ್ಣು. ನನ್ನ ತಂಗಿಯ ವಯಸ್ಸೇ ಇರಬೇಕು. ಜಗಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಆಕೆ ಜಗಳವನ್ನೇ ಮಾಡಲಿಲ್ಲ. ಫೋಟೋ ನೋಡಿದಳು. ಯಾರಿಗೆ ಒಯ್ಯುತ್ತೀರಿ ಅಂದಳು. ಹೇಳಿದೆ, ತಂಗಿ, ಮೂರನೇ ಬಸಿರು, ಎಂಟಕ್ಕೆ ಬಿದ್ದಿದೆ, ಈ ಗೊಂಬೆ ಇಲ್ಲದಿದ್ದರೆ ಊಟ ಬಿಡುತ್ತಾಳೆ.

"ಹೆಸರೇನ್ರಿ ಅವರದು?"

ಶೀಲಾ ಅಂದೆ.

ಕೈ ತೊಳೆದು ಬಂದು ಬಿಚ್ಚಿದಳು. ಬಳೆಯನ್ನು ಉಡಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ನಡೆದಳು, ತಿರುಗಿ ನೋಡಲಿಲ್ಲ. ಕರೆವ್ವ ಮುಖ ತಿರುಗಿಸಿಕೊಂಡಳು. ನಾನು ಗಿಡ್ಡಪ್ಪನನ್ನು ಚೀಲಕ್ಕೆ ತುಂಬಿದೆ.

ತಪ್ಪೇನಿದೆ? ನನ್ನ ಗೊಂಬೆ, ನಾನು ತಂದೆ. ಬಟ್ಟೆ ಸೋಪು ಹಚ್ಚಿ ತಿಕ್ಕಿ ತೊಳೆದೆ. ಊಟ ರುಚಿಸಲಿಲ್ಲ.

ಆಗಸ್ಟ್ 24, ರವಿವಾರ

ಹಾನಗಲ್ಲು. ತಾರಕೇಶ್ವರ ಗುಡಿಯ ಮೇಲ್ಛಾವಣಿಯಲ್ಲಿ ಕಲ್ಲಿನ ದೊಡ್ಡ ಕಮಲ. ಗಿಡ್ಡಪ್ಪನನ್ನು ಅಂಗಾತ ಮಲಗಿಸಿದೆ, ಅವನೂ ಕಮಲ ನೋಡಲಿ. ಒಳ್ಳೇ ಫೋಟೋ ಬಂತು. ಕಳಿಸಿ, ಇನ್ನೊಂದು ವಾರ ಬದುಕಿದೆ ಅಂದುಕೊಂಡೆ.

ಅರ್ಧ ತಾಸಿನಲ್ಲಿ ಫೋನು. ಶೀಲಾಳೇ. ಫೋಟೋ ಝೂಮ್ ಮಾಡಿ ನೋಡಿದ್ದಾಳೆ. ಗಡ್ಡದ ಗೆರೆಗಳಲ್ಲಿ ಕೆಂಪು ಯಾಕಿದೆ, ಕೊರಳಲ್ಲಿ ಹಳದಿ ದಾರದ ಎಳೆ ಯಾಕಿದೆ? ಹಳೇ ಗೋಡೆ ನೋಡಿ ಯಾವ ರಾಜನ ಕಾಲದ್ದು ಅಂತ ಹೇಳುವವಳು, ಆಕೆಯ ಮುಂದೆ ನನ್ನ ಸೋಪು ಎಲ್ಲಿ ನಡೆಯಬೇಕು. ಬಣ್ಣ ಬಿಟ್ಟಿರಬೇಕು ಅಂದೆ. ಬಣ್ಣ ಬಿಟ್ಟರೆ ದಾರ ಆಗುತ್ತದೇನು ಅಂದಳು. ಬಿಪಿ ಏರೀತೆಂದು ಹೆದರಿ ಎಲ್ಲಾ ಹೇಳಿಬಿಟ್ಟೆ. ಕಟ್ಟೆ, ಬಳೆ, ದಾನವ್ವ.

"ನನ್ನ ಕೂಸಿನ ಸಲುವಾಗಿ ಇನ್ನೊಬ್ಬಾಕಿ ಉಡ್ಯಾಗಿಂದ ಕಸ್ಗೊಂಡು ಬಂದೀ ಅಕ್ಕ?"

ಇಟ್ಟು ಬಾ ಅಂದಳು. ಇಟ್ಟು ಬರುವ ತನಕ ನನ್ನ ಮುಂದೆ ನಿಲ್ಲಬೇಡ ಅಂದಳು. ಅದು ಸಿಮೆಂಟಿನ ಗೊಂಬೆ, ನೀನೂ ಓದಿದವಳು ಅಂತ ನಾನು ಬೈದೆ. ಫೋನ್ ಇಟ್ಟಳು. ಬೈಯಬಾರದಿತ್ತು. ಡಾಕ್ಟರ್ ಹೇಳಿದ್ದರು, ಗಾಬರಿ ಮಾಡಬೇಡಿ ಅಂತ.

ಹೊರಗೆ ಮಳೆ ಹೊಡೆಯುತ್ತಿದೆ. ನಾಳೆ ಹೋಗುತ್ತೇನೆ.

ಆಗಸ್ಟ್ 26, ಮಂಗಳವಾರ. ಹಿರೇಕೆರೂರು, ದವಾಖಾನೆ

ನಿನ್ನೆ ಬೆಳಿಗ್ಗೆ ಹತ್ತಿಮತ್ತೂರಿಗೆ ಅಂತಲೇ ಹೊರಟಿದ್ದೆ, ಗಿಡ್ಡಪ್ಪ ಕಾಲ ಬಳಿ ಚೀಲದಲ್ಲಿ. ಸವಣೂರು ದಾಟಿದ್ದೆ, ಅಷ್ಟರಲ್ಲಿ ಚನ್ನೇಶನ ಕಾಲ್. ನೋವು ಶುರುವಾಗಿದೆ, ಬಿಪಿ ಇಳಿಯುತ್ತಿಲ್ಲ, ಆಪರೇಷನ್ ಮಾಡಲೇಬೇಕಂತೆ. ಸ್ಕೂಟಿ ತಿರುಗಿಸಿದೆ. ಕಟ್ಟೆ ಇನ್ನೇನು ಹತ್ತಿರವಿತ್ತು. ಆದರೂ ತಿರುಗಿಸಿದೆ. ತಂಗಿ ಮುಖ್ಯವೋ ಗೊಂಬೆ ಮುಖ್ಯವೋ?

ಸ್ಟ್ರೆಚರಿನ ಮೇಲೆ ಇದ್ದಳು ನಾನು ದವಾಖಾನೆ ಮುಟ್ಟಿದಾಗ. ಮುಖ ಊದಿತ್ತು. ನನ್ನ ಕೈ ಹಿಡಿದಳು.

"ಇಟ್ಟು ಬಂದೀಯೇನ?"

"ಹೂಂ, ಇಟ್ಟು ಬಂದೆ," ಅಂದೆ.

ಕಣ್ಣು ಮುಚ್ಚಿ ಒಳಗೆ ಹೋದಳು. ಗಿಡ್ಡಪ್ಪ ಕೆಳಗೆ ಸ್ಟ್ಯಾಂಡಿನಲ್ಲಿ ಸ್ಕೂಟಿಗೆ ಜೋತುಬಿದ್ದಿದ್ದ.

ಹೆಣ್ಣು. ಅಂಗೈಯಷ್ಟು ಮುಖ. ಅಳಲಿಲ್ಲ. ತಕ್ಷಣ ಗಾಜಿನ ಪೆಟ್ಟಿಗೆಗೆ ಹಾಕಿ ಮೂಗಿಗೆ ನಳಿಗೆ ಇಟ್ಟರು. ಶೀಲಾಳ ಜೀವಕ್ಕೆ ಭಯವಿಲ್ಲ. ಕೂಸಿನ ಮಾತು ಈಗಲೇ ಹೇಳಲಾಗುವುದಿಲ್ಲ ಅಂದರು ಡಾಕ್ಟರ್. ಪಡಸಾಲೆಯಲ್ಲಿ ಯಾರೋ ಹೆಂಗಸು, ಏಳರ ಕೂಸು ಉಳೀತಾವ, ಎಂಟರವು ಉಳಿಯೂದು ಕಷ್ಟ ಅಂತ ಯಾರಿಗೋ ಹೇಳುತ್ತಿದ್ದಳು. ಎದ್ದು ಹೋಗಿ ಆಕೆಯ ಬಾಯಿ ಮುಚ್ಚಿಸಬೇಕು ಅನ್ನಿಸಿತು.

ಇವತ್ತೂ ಹಾಗೇ ಇದೆ. ಅತ್ತಿಲ್ಲ. ಶೀಲಾಳನ್ನು ಇನ್ನೂ ಕೂಸಿನ ಹತ್ತಿರ ಬಿಟ್ಟಿಲ್ಲ. ನನ್ನನ್ನು ನೋಡಿದಾಗಲೆಲ್ಲ, ನೀ ಇಟ್ಟು ಬಂದೀ ಅಂತ ನನಗ ಧೈರ್ಯ ಅದ ಅಂತಾಳೆ. ನಾನು ಆ ಕಡೆ ಈ ಕಡೆ ನೋಡುತ್ತೇನೆ.

ಹೆದರಿಕೆ ಆಗಿದೆ. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ: ನಂಬದ ನನಗೇ ಆ ಚೀಲದ ಹತ್ತಿರ ಹೋಗಲು ಹೆದರಿಕೆ. ನಾಳೆ ಚೌತಿ. ಬೆಳಗಾಗುತ್ತಲೇ ಹೋಗುತ್ತೇನೆ. ಚನ್ನೇಶನಿಗೆ ಔಷಧಿ ತರುತ್ತೇನೆ ಅಂತ ಹೇಳಿದ್ದೇನೆ. ಇನ್ನೊಂದು ಸುಳ್ಳು.

ಆಗಸ್ಟ್ 27, ಬುಧವಾರ. ಹತ್ತಿಮತ್ತೂರು, ಕಟ್ಟೆಯ ಮೇಲೆ

ದಾರಿಯುದ್ದಕ್ಕೂ ಎಲ್ಲರ ಗಾಡಿಯಲ್ಲೂ ಗಣಪತಿ. ತೊಡೆ ಮೇಲೆ, ಟ್ರ್ಯಾಕ್ಟರಿನಲ್ಲಿ, ತಲೆಯ ಮೇಲೆ. ನನ್ನ ಗಾಡಿಯಲ್ಲಿ ಗಿಡ್ಡಪ್ಪ. ಚೀಲದಲ್ಲಿ ಹಾಕಲು ಮನಸ್ಸಾಗದೆ ಟಾವೆಲ್ ಸುತ್ತಿ ಕಾಲ ಬಳಿ ನಿಲ್ಲಿಸಿಕೊಂಡಿದ್ದೆ. ಹಾವೇರಿಯ ಹತ್ತಿರ ಹುಡುಗರ ಗುಂಪು ಮೋರಯಾ ಅಂತ ದಾರಿ ಬಿಟ್ಟಿತು. ಬೇರೆ ದಿನವಾಗಿದ್ದರೆ ನಕ್ಕು ಸಾಕಾಗುತ್ತಿತ್ತು.

ಕಟ್ಟೆಯಲ್ಲಿ ಅವನು ನಿಂತಿದ್ದ ಜಾಗ ಬರಿದಾಗಿರಲಿಲ್ಲ. ಸಾರಿಸಿ, ಚಿಕ್ಕ ರಂಗೋಲಿ ಹಾಕಿದ್ದರು. ಮೇಲಿನ ಬೇವಿನ ಟೊಂಗೆಗೆ ಹಳದಿ ದಾರದಲ್ಲಿ ಹಸಿರು ಬಳೆ. ಓಹೋ, ಗೊಂಬೆ ಹೋದರೂ ಹರಕೆ ಬಿಟ್ಟಿಲ್ಲ ಅಂದುಕೊಂಡೆ. ಮನಸ್ಸಿಗೆ ಸ್ವಲ್ಪ ಹಗುರೂ ಆಯಿತು.

ಕರೆವ್ವ ದಾನವ್ವನಿಗೆ ಹೇಳಿ ಕಳಿಸಿದಳು. ದಾನವ್ವ ಇವತ್ತು ಮಿಂದು ಇಳಕಲ್ ಸೀರೆ ಉಟ್ಟಿದ್ದಳು. ಗಿಡ್ಡಪ್ಪನನ್ನು ಆಕೆಯ ಕೈಗೇ ಕೊಟ್ಟೆ. ತಪ್ಪಾಯಿತು ಅಂದೆ, ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಲಿಲ್ಲ. ಅವನನ್ನು ಜಾಗದಲ್ಲಿ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿದಳು. ಟೊಂಗೆಯ ಬಳೆ ಬಿಚ್ಚಿ ಅವನಿಗೇ ಕಟ್ಟು ಅಂದೆ.

ಆಕೆ ಬಿಚ್ಚಲಿಲ್ಲ.

"ಅದು ನನ್ನ ಹೆಸರಿಲೆ ಕಟ್ಟಿದ್ದಲ್ರಿ ಅಕ್ಕಾರ. ನಿಮ್ಮ ತಂಗ್ಯಾರ ಹೆಸರಿಲೆ. ಮೊದಲ ಆಕಿದು ಆಗ್ಲಿ ಅಂತ. ಹೆಂಗದಾರ್ರಿ ಈಗ?"

ಕಟ್ಟೆಯ ಮೇಲೆ ಕೂತೆ. ನಾನು ಬಳೆ ಬಿಚ್ಚಿಸಿ ಗಿಡ್ಡಪ್ಪನನ್ನು ಒಯ್ದ ದಿನವೇ ಕಟ್ಟಿದ್ದಾಳೆ. ಹೆಸರು ಕೇಳಿದ್ದು ಅದಕ್ಕೇ. ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಪೆಟ್ಟಿಗೆಯಲ್ಲಿರುವ ಕೂಸಿನ ಮಾತು ಹೇಳಿದೆ, ಸುಳ್ಳು ಹೇಳಿದ್ದನ್ನೂ ಹೇಳಿದೆ. ಆಕೆ ಪಕ್ಕದಲ್ಲಿ ಕೂತಳು. ಕರೆವ್ವ ಒಳಗೆ ಹೋಗಿ ಚಹಾ ತಂದುಕೊಟ್ಟಳು. ಎದ್ದು ಹೋಗಲು ಆಗಲಿಲ್ಲ, ಡಿಕ್ಕಿಯಿಂದ ಈ ಡೈರಿ ತೆಗೆದು ಕೂತಿದ್ದೇನೆ.

ಚನ್ನೇಶ ಫೋನ್ ಮಾಡುತ್ತಿದ್ದಾನೆ. ಕೈಯಲ್ಲೇ ಅದುರುತ್ತಿದೆ. ಎತ್ತಲಾರೆ…

ದಾನವ್ವನೇ ಒತ್ತಿದಳು. ಸ್ಪೀಕರ್. ಚನ್ನೇಶ ಆ ಕಡೆ ಫೋನನ್ನು ಎಲ್ಲಿಗೋ ಒಯ್ದ, ಬಾಗಿಲ ಸದ್ದು, ನರ್ಸ್ ಬೈದದ್ದು. ಆಮೇಲೆ ಅಳು. ಸಣ್ಣದು, ಒಣದು. ನಿಲ್ಲದ ಅಳು. ನಳಿಗೆ ತೆಗೆದಾರ್ರಿ ಅಕ್ಕಾರ ಅಂದ ಕೊನೆಗೆ.

ದಾನವ್ವ ಎದ್ದು ಟೊಂಗೆಗೆ ಕೈ ಚಾಚಿದಳು. ಗಂಟು ಮಳೆಗೆ ಬಿಗಿದಿತ್ತು, ಹಲ್ಲಿನಿಂದ ಬಿಚ್ಚಿದಳು. ಬಳೆ ನನ್ನ ಕೈಗೆ ಕೊಟ್ಟು ಒಯ್ಯಿರಿ ಅಂದಳು. ಈಗ ನಿನ್ನ ಸಲುವಾಗಿ ನೀನೇ ಕಟ್ಟು ಅಂದೆ. ಆಕೆ ಗಿಡ್ಡಪ್ಪನನ್ನು ನೋಡುತ್ತ ನಿಂತಳು. ಎಷ್ಟು ಸಲ ಕಟ್ಟಲ್ರಿ, ನನ್ನ ಕೈಗುಣ ಛೊಲೋ ಇಲ್ಲ ಅಂದಳು.

ಗಿಡ್ಡಪ್ಪನ ಕೊರಳಿಗೆ ನಾನು ಕಟ್ಟಿದೆ. ಕಸಿ ಕಟ್ಟಿದಷ್ಟೇ ಬಿಗಿಯಾಗಿ, ಎರಡು ಗಂಟು. ದಾನವ್ವನ ಹೆಸರು ಹೇಳಿ. ಹೆಸರು ಜೋರಾಗಿ ಹೇಳಬೇಕಂತೆ, ಹೇಳಿದೆ.

ಕಟ್ಟಿದ ಕೈಯೇ ಬಿಚ್ಚಬೇಕಲ್ಲ. ಹಾಗಾದರೆ ದಾನವ್ವನಿಗೆ ಕೂಸು ಆದ ಮೇಲೆ ಬಿಚ್ಚಲು ಇನ್ನು ನಾನೇ ಬರಬೇಕು.