ಮುನ್ನಿ ಎಂಬ ಇಂಗ್ಲಿಷ್ ಹುಡುಗಿ

ಅಪ್ಪಾ,

ಎರಡೂವರೆಗೆ ನಿಮ್ಮ ಗಡಿಯಾರ ಒಂದೇ ಸಲ ಠಣ್ ಎಂದಿತು, ಎಚ್ಚರವಾಯಿತು. ಭಾಲ್ಕಿಯ ಮನೆಯಲ್ಲಿ ಇದೇ ಸದ್ದಿಗೆ ನನಗೆ ನಿದ್ದೆ ಬರುತ್ತಿತ್ತು. ನೀವು ತೀರಿಹೋದ ಮೇಲೆ ಅವ್ವ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬೀದರಿಗೆ, ನನ್ನ ಮನೆಗೆ ಬಂದಳು. ಈಗ ಅದು ಗೋಡೆಯ ಮೇಲಿಂದ ನನ್ನನ್ನೇ ನೋಡುತ್ತಿದೆ.

ಶುಕ್ರವಾರ ಕೀಲಿ ಕೊಡುವಾಗ ನೀವು ಹೇಳುತ್ತಿದ್ದ ಕಥೆ ನೆನಪಿದೆಯೇ? ಈ ಗಡಿಯಾರದ ಬಿಳಿ ತಟ್ಟೆಯ ಮೇಲೆ ಹೆಸರು ಬರೆದುಕೊಂಡ ಆ ಲಂಡನ್ನಿನ ಗಡಿಯಾರಗಾರನ ಸಂಸಾರದ ಕಥೆ. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂತರೆ ಅವನಿಗೆ ಊಟದ ಪರಿವೆಯೇ ಇಲ್ಲ. ಹೆಂಡತಿ ಒಳಗಿನಿಂದ ಕೂಗುತ್ತಾಳೆ, "ಅಜೀ, ಸುನೋ ಜೀ! ರೋಟಿ ಠಂಡಿ ಹೋ ಗಯೀ!" ಆ ದನಿ ನೀವು ಮಾಡಿದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಕಿರಿಯ ಮಗಳು ಮುನ್ನಿ, ಲೋಲಕ ಹಿಡಿದು ನಿಲ್ಲಿಸಿ ಪೆಟ್ಟು ತಿನ್ನುವವಳು. ಕೊನೆಗೆ ಅವರೆಲ್ಲ ಏನಾದರು ಎಂದು ಕೇಳಿದರೆ, "ಔರಾದ ಕಡಿ ಹೋದ್ರು" ಎಂದು ಒಮ್ಮೆ ಅಂದುಬಿಟ್ಟಿದ್ದಿರಿ. ಲಂಡನ್ನಿನಿಂದ ನಮ್ಮ ಪಕ್ಕದ ಔರಾದಿಗೆ!

ಇವತ್ತು ಸಂಜೆ ಅದನ್ನೇ ನಿಮ್ಮ ಮೊಮ್ಮಗನಿಗೆ ಹೇಳುತ್ತಿದ್ದೆ. ಎದ್ದು ಕೂತ.

"ಯವ್ವಾ, ಇಂಗ್ಲಿಷ್ ಹುಡುಗಿ ಹೆಸರ ಮುನ್ನಿ ಹ್ಯಾಂಗ ಇರ್ತದ?"

ಬಿ.ಎ. ಮುಗಿಸಿದವಳು ನಾನು, ಒಮ್ಮೆಯೂ ಕೇಳಿರಲಿಲ್ಲ. ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವನ ಕೈ ನಿಂತಿತು. ಯಾಕೆ ನಿಲ್ಲಬೇಕು?

ಆಗ ದಸರೆ ನೆನಪಾಯಿತು. ನಿಮ್ಮ ಬಟ್ಟೆ ಅಂಗಡಿಯ ಕತ್ತರಿ, ಗಜಕಡ್ಡಿ ಎಲ್ಲಕ್ಕೂ ವಿಭೂತಿ ಹಚ್ಚಿ ಅವ್ವ ಗಡಿಯಾರದ ಕಡೆ ತಿರುಗಿದರೆ, "ಅದಕ್ಕ ಬ್ಯಾಡ, ಅದು ಸಾಹೇಬರದು" ಎನ್ನುತ್ತಿದ್ದಿರಿ. ಇಂಗ್ಲಿಷ್ ಸಾಹೇಬ ಅಂದುಕೊಂಡಿದ್ದೆ. ಯಾವ ಸಾಹೇಬ, ಅಪ್ಪಾ?

"ಬಾಜೂ ಮನಿ ಗಡಿಯಾರ ರಿಪೇರಿ ಸಾಹೇಬ್ರು," ಎಂದಳು ಅವ್ವ, ಮಗ ಮಲಗಿದ ಮೇಲೆ. "ಪೋಲೀಸ್ ಆಕ್ಷನ್‌ದಾಗ ಮುಸಲ್ಮಾನರ ಮ್ಯಾಲ ಬಿದ್ರಲ್ಲ, ಆಗ ಊರ ಬಿಟ್ರು. ಮುನ್ನಿ ನಿನ್ನ ವಾರಿಗೀಕಿ, ಆಗ ಇಬ್ರಿಗೂ ಮೂರ ವರ್ಷ."

"ಅವ್ರಾಗೇ ಕೊಟ್ರೋ, ಅಪ್ಪ ತಗೊಂಡ್ರೋ?"

"ನಿಮ್ಮಪ್ಪ ಇಟಗೊಂಡ್ರು."

"ಇಟಗೊಂಡ್ರು ಅಂದ್ರ?"

"ಇಟಗೊಂಡ್ರು ಅಂದ್ರ ಇಟಗೊಂಡ್ರು. ದೊಡ್ಡ ವಕೀಲ ಬಂದಾಳ! ಮಲಕೋ ಸುಮ್ನ."

ಹೇಗೆ ಮಲಗಲಿ? ಇನ್ನೊಬ್ಬರದನ್ನು ಜೋಪಾನ ಮಾಡಿದರೂ ಇಟ್ಟುಕೊಂಡಂತೆ, ನುಂಗಿ ಹಾಕಿದರೂ ಇಟ್ಟುಕೊಂಡಂತೆ. ಜೋಪಾನಕ್ಕಾದರೆ ಆ ಮನೆಯವರನ್ನು ಲಂಡನ್ನಿನ ಕಥೆಯ ಹಿಂದೆ ಯಾಕೆ ಬಚ್ಚಿಟ್ಟಿರಿ? ನುಂಗಿದ್ದಾದರೆ ವಾರವಾರವೂ ಮುನ್ನಿಯ ಹೆಸರನ್ನು ಯಾಕೆ... ಅವರು ಹೊರಟ ದಿನ ನಮ್ಮ ಕದ ಬಡಿದಿರಬೇಕು. ನೀವು ತೆರೆದಿರಾ? ಗಡಿಯಾರ ಒಳಗೆ ಬಂತು, ಮುನ್ನಿ ಯಾಕೆ ಬರಲಿಲ್ಲ?

ಬೆಳಗಿನ ಮೊದಲ ಬಸ್ಸಿಗೆ ನಾನು, ಮಗ, ಗಡಿಯಾರ ಮೂವರೂ ಔರಾದಿಗೆ ಹೊರಟಿದ್ದೇವೆ. ಅವ್ವನಿಗೆ ಹೇಳಿಲ್ಲ. ಮುನ್ನಿ ಅಲ್ಲಿದ್ದಾಳೋ ಇಲ್ಲವೋ ಗೊತ್ತಿಲ್ಲ, ಊರೆಲ್ಲ ಕೇಳುತ್ತೇನೆ. ಸಿಕ್ಕರೆ ಏನೆಂದು ಕೊಡಲಿ? ನಮ್ಮಪ್ಪ ಇಟ್ಟುಕೊಂಡಿದ್ದರು ಎನ್ನಲೇ?

ನೀವು ನೋಡಿರಲಿಲ್ಲ, ಎದುರು ಮನೆಗೆ ಈಗ ಫೋನ್ ಬಂದಿದೆ. ಎಷ್ಟು ಹೊತ್ತಿಗೆ ಬಂದರೂ ಓಣಿಯ ಆಚೆಯಿಂದ ಕೂಗಿ ಕರೆಯುತ್ತಾರೆ. ನಾನು ಎಚ್ಚರವಾಗಿಯೇ ಇರುತ್ತೇನೆ. ಬೇರೇನೂ ಹೇಳಬೇಡಿ. ಕದ ತೆರೆದಿದ್ದೆ ಎಂದು ಮಾತ್ರ ಹೇಳಿ. ಮಾಡಿ ಅಪ್ಪಾ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ.