ಅಳಿಸಿಹೋದ ಜಿಲ್ಲೆಯ ವಾಲ್ಯಳಿಗೂ ಒಂದು ಎಡೆ

ಸುಮಳ ಅವ್ವನಿಗೆ,

…ಹೋಗುವುದು ಖಾಯಂ ಅಂತ ಬರೆದು ನಿನ್ನೆ ನಿಲ್ಲಿಸಿಬಿಟ್ಟೆನಲ್ಲ, ಅಲ್ಲಿಂದಲೇ ಹಿಡಿಯುತ್ತೇನೆ. ಅಳಿಯ ಮಂಜುವಿನ ಕಂಪನಿ ಬಾಗಿಲು ಹಾಕಿದ ಮೇಲೆ ಅವನಿಗೆ ಇನ್ನೊಂದು ಕೆಲಸ ಸಿಕ್ಕಲೇ ಇಲ್ಲ. ಕೆಲಸವಿಲ್ಲದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಇಲ್ಲಿ ಇರುವ ಹಾಗಿಲ್ಲ. ನಾಳಿದ್ದು ವಿಮಾನ. ಮಗಳು, ಅಳಿಯ, ಮೊಮ್ಮಗಳು, ನಾನು, ಎಲ್ಲರೂ ಬೆಂಗಳೂರಿಗೆ. ನೀನು ಮಾತ್ರ ಇಲ್ಲೇ, ಸಾಂಟಾ ಕ್ಲಾರಾದ ಆಚೆ ಆ ಹುಲ್ಲುಗುಡ್ಡದ ಮೇಲೆ. ವರ್ಷದ ಎಡೆಗೂ ನಾವು ಇರುವುದಿಲ್ಲ. ನಿನ್ನ ಮುಂದೆ ಎಲೆ ಹಾಕುವವರು ಯಾರು? ಇದೊಂದನ್ನು ಕೇಳಲು ಎಷ್ಟು ದಿನದಿಂದ ಪೆನ್ನು ಹಿಡಿದು, ಏನೇನೋ ಬೇರೆಯದನ್ನೇ ಬರೆದು…

ನಿನ್ನನ್ನು ಮಣ್ಣು ಮಾಡಿದ ಮೂರನೆಯ ದಿನ ಹಾಲುತುಪ್ಪ ಬಿಡಲು ಬಂದದ್ದು ನೆನಪಾಗುತ್ತದೆ. ನಮ್ಮೂರಾಗಿದ್ದರೆ ನಮ್ಮದೇ ಹೊಲದ ಬದಿಯಲ್ಲಿ ಗುಡ್ಡೆ ಮಾಡಿ, ತಲೆಯ ಹತ್ತಿರ ಒಂದು ಕಲ್ಲು ನಿಲ್ಲಿಸುತ್ತಿದ್ದೆವು. ಇಲ್ಲಿ ಗುಡ್ಡೆಯೂ ಇಲ್ಲ, ನಿಂತ ಕಲ್ಲೂ ಇಲ್ಲ. ಹುಲ್ಲು ಕತ್ತರಿಸುವ ಗಾಡಿ ಮೇಲೆಯೇ ಹಾದುಹೋಗಲಿ ಅಂತ ಕಲ್ಲನ್ನು ನೆಲಕ್ಕೆ ಸಮ ಮಾಡಿ ಕೂರಿಸುತ್ತಾರೆ. ನಾನು ಚೊಂಬು ಬಗ್ಗಿಸುವ ಹೊತ್ತಿಗೆ ಅಲ್ಲಿಯ ಮಾಲಿ ಓಡಿ ಬಂದ. “ನೋ ಫುಡ್ ಸರ್, ನೋ ಫುಡ್! ಜಿಂಕೆ ಬರುತ್ತೆ!” ನನಗೆ ಕಾಲೇಜಿನಲ್ಲಿ ಉರು ಹೊಡೆದ ಇಂಗ್ಲಿಷು ಅದೇ ಹೊತ್ತಿಗೆ ಎಲ್ಲಿಂದಲೋ ಬಂತು. “ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್, ದಿಸ್ ಈಸ್ ನಾಟ್ ಫುಡ್, ದಿಸ್ ಈಸ್ ಮೈ ವೈಫ್.” ಅಳುತ್ತಿದ್ದ ಸುಮಾ ನಕ್ಕುಬಿಟ್ಟಳು, ಆಮೇಲೆ ಮೊದಲಿಗಿಂತ ಜಾಸ್ತಿ ಅತ್ತಳು. ಮಾಲಿ ಟೋಪಿ ತೆಗೆದು ಆಚೆ ಹೋದ. ಅಷ್ಟು ಮರ್ಯಾದೆ ಸಿಕ್ಕಿತು ನಿನಗೆ.

ಗ್ರಿಗೋರಿಯನ್ನು ನೀನು ನೋಡಿದ್ದೀಯ. ಎದುರು ಬ್ಲಾಕಿನ ಮುದುಕ, ಚಳಿಯಲ್ಲೂ ಬನಿಯನ್ನಿನಲ್ಲಿ ಬಾಲ್ಕನಿಗೆ ಬಂದು ನಿಲ್ಲುತ್ತಿದ್ದನಲ್ಲ, “ಆವಯ್ಯನಿಗೆ ಮೈಮೇಲೆ ಬಟ್ಟೆ ಹಾಕ್ಕೋ ಅನ್ನೋರು ಯಾರೂ ಇಲ್ವಾ” ಅಂತ ನೀನು ಗೊಣಗುತ್ತಿದ್ದೆ. ಇರಲಿಲ್ಲ ಕಣೇ, ನಿಜವಾಗಿಯೂ ಇರಲಿಲ್ಲ. ನೀನು ಹೋದ ಮೇಲೆ ಒಂದು ದಿನ ಇಡೀ ಅಪಾರ್ಟ್‌ಮೆಂಟಿಗೆ ಬಿಸಿನೀರು ನಿಂತಿತು. ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಮುಂದೆ ಜನ್ಮ ಸವೆಸಿದ ನಾನು ಮನೆಯಲ್ಲಿ ಸುಮ್ಮನೆ ಕೂರುತ್ತೇನಾ? ಕೆಳಗಿಳಿದು ನೋಡಿದರೆ ಅವನು ಆಗಲೇ ಬಾಯ್ಲರ್ ಕೋಣೆಯ ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತಿದ್ದಾನೆ. ನಾನು “ಪ್ರೆಶರ್?” ಅಂದೆ. ಅವನು ತಲೆಯಾಡಿಸಿ “ವಾಲ್ವ್” ಅಂದ. ಆಮೇಲೆ ಎದೆ ಮುಟ್ಟಿಕೊಂಡು “ಗ್ರಿಗೋರಿ” ಅಂದ. ಅವನ ಇಂಗ್ಲಿಷು ನನ್ನದಕ್ಕಿಂತ ಮುರುಕಲು. ಹಾಗಾಗಿಯೇ ಇಬ್ಬರಿಗೂ ಮಾತಿನಲ್ಲಿ ಸಂಕೋಚ ಅನ್ನುವುದೇ ಆಗಲಿಲ್ಲ.

ಸಂಜೆ ಎಲ್ ಕಮೀನೋ ರಸ್ತೆಯ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು ನಿನ್ನ ಊರು ಯಾವುದು ಅಂತ ನಾನು ಅವನನ್ನು ಕೇಳಿದೆ. ಊರು ಅರ್ಕಾಲಿಕ್, ಕಜಕಸ್ತಾನ, ತುರ್ಗಾಯ್ ಅನ್ನುವ ಜಿಲ್ಲೆ, ಈಗ ಜಿಲ್ಲೆ ಇಲ್ಲ ಅಂದ. ಇಲ್ಲ ಅಂದರೆ? ಹೆಸರು ಬದಲಾಯಿಸಿದರಾ? “ನೋ. ಫಿನಿಶ್” ಅಂತ ಕೈಯಿಂದ ಗಾಳಿಯನ್ನು ಒರೆಸಿ ತೋರಿಸಿದ. ನಮ್ಮ ಮಂಡ್ಯವನ್ನೂ ಮೈಸೂರಿಂದ ಒಡೆದು ಮಾಡಿದ್ದಲ್ಲವೇ? ನಾಳೆ ಯಾರೋ ಒಬ್ಬ ಸಾಹೇಬ ಕೂತು, ಮಂಡ್ಯ ಜಿಲ್ಲೆ ಇವತ್ತಿಂದ ಇಲ್ಲ ಅಂದರೆ ಡಿ.ಸಿ. ಆಫೀಸು, ಆಸ್ಪತ್ರೆ, ಕೋರ್ಟು ಎಲ್ಲ ಏನಾಗಬೇಕು? ಅವರಿಗೆ ಅದೇ ಆಯಿತು, ಅದೂ ಎರಡು ಸಲ. ಎಪ್ಪತ್ತರಲ್ಲಿ ಜಿಲ್ಲೆ ಮಾಡಿದರಂತೆ, ಎಂಬತ್ತೆಂಟರಲ್ಲಿ ಅಳಿಸಿದರಂತೆ, ತೊಂಬತ್ತರಲ್ಲಿ ಮತ್ತೆ ಬರೆದರಂತೆ, ತೊಂಬತ್ತೇಳರಲ್ಲಿ ಪೂರ್ತಿ ಒರೆಸಿ ನೆರೆಯ ಜಿಲ್ಲೆಗಳಿಗೆ ಹಂಚಿದರಂತೆ.

ಅಲ್ಲಿಗೆ ಅವನು ಬಂದಾಗ ಊರೂ ಇರಲಿಲ್ಲ ಅನ್ನುತ್ತಾನೆ. ಕಣ್ಣು ಸೋಲುವವರೆಗೂ ಹುಲ್ಲು, ಗಾಳಿ. ಬೀಳು ನೆಲ ಉತ್ತು ಗೋಧಿ ಬೆಳೆಯಿರಿ ಅಂತ ಮೇಲಿನಿಂದ ಕರೆ ಬಂದು, ರೈಲು ತುಂಬ ಹುಡುಗರು ಹಾಡಿಕೊಂಡು ಬಂದಿಳಿದರಂತೆ. ಅವರಲ್ಲಿ ಇವನೊಬ್ಬ. ಬೀಳು ಅಂತ ಇವರು ಅಂದುಕೊಂಡ ನೆಲ ಕಜಕರು ತಲೆತಲಾಂತರದಿಂದ ಕುರಿ, ಕುದುರೆ ಮೇಯಿಸಿದ ನೆಲ. ಇವರು ಬರುವುದಕ್ಕೆ ಮೊದಲೇ ಸರ್ಕಾರ ಅವರ ಮಂದೆಗಳನ್ನು ಕಿತ್ತುಕೊಂಡು, ಕ್ಷಾಮ ಬಿದ್ದು, ಮನೆಮನೆಯೇ ಖಾಲಿಯಾಗಿತ್ತಂತೆ. ಉತ್ತ ಹೊಲದ ಅಂಚಿಗೆ ಒಬ್ಬ ಕಜಕ ಅಜ್ಜಿ ಪ್ರತಿ ವರ್ಷ ರೊಟ್ಟಿ ಕಟ್ಟಿಕೊಂಡು ಬಂದು, ಗೋಧಿಯ ಕಡೆ ಮುಖ ಮಾಡಿ ಕೂರುತ್ತಿದ್ದಳಂತೆ. ಅವಳ ಮಕ್ಕಳು ಆ ಗೋಧಿಯ ಕೆಳಗೆ ಎಲ್ಲೋ ಇದ್ದರು. “ನಾವೆಲ್ಲ ನಗ್ತಾ ಇದ್ವಿ, ಮುದುಕಿ ಪೈರಿಗೆ ಊಟ ಹಾಕ್ತಾಳೆ ಅಂತ” ಅಂದ ಗ್ರಿಗೋರಿ. ಅಷ್ಟು ಹೇಳಿ ಎದ್ದು, ಬರುವ ಬಸ್ಸಿನ ನಂಬರು ನೋಡುವವನಂತೆ ನಿಂತುಕೊಂಡ. ನಾವು ಹತ್ತಬೇಕಾದ ಬಸ್ಸೇ ಇರಲಿಲ್ಲ.

ಎಂಬತ್ನಾಲ್ಕರಲ್ಲಿ ನಮ್ಮ ದೇಶದವರೊಬ್ಬರು ರಷ್ಯಾದವರ ಜೊತೆ ಆಕಾಶಕ್ಕೆ ಹೋಗಿ ಬಂದರಲ್ಲ, ರೇಡಿಯೋ ಮುಂದೆ ನೀನು ಅಕ್ಕಿ ಆರಿಸುತ್ತಾ “ಇಳಿಯೋದು ಎಲ್ಲಿಗಂತೆ, ನೀರಿಗೋ ನೆಲಕ್ಕೋ?” ಅಂತ ಕೇಳಿದ್ದೆ, ನನಗೆ ಗೊತ್ತಿರಲಿಲ್ಲ. ಈಗ ಹೇಳುತ್ತೇನೆ ಕೇಳು. ಅವರು ಇಳಿದದ್ದು ಅರ್ಕಾಲಿಕ್ ಪಕ್ಕದ ಹುಲ್ಲುಗಾವಲಿಗೆ! ಗ್ರಿಗೋರಿಯ ಹೆಂಡತಿ ವಾಲ್ಯಾ ಅವತ್ತು ಬೀದಿಯಲ್ಲಿ ನಿಂತು ಹೆಲಿಕಾಪ್ಟರುಗಳಿಗೆ ಕೈ ಬೀಸಿದ್ದಳಂತೆ. ಊರು ಆಗ ಹಾಗಿತ್ತು. ಅಲ್ಯೂಮಿನಿಯಂ ಅದಿರಿನ ಗಣಿ, ಸಾಲುಸಾಲು ಐದು ಅಂತಸ್ತಿನ ಮನೆಗಳು, ನಾಟಕಶಾಲೆ, ಎಲ್ಲ ಮನೆಗೂ ಒಂದೇ ದೊಡ್ಡ ಬಾಯ್ಲರಿನಿಂದ ಕೊಳವೆಯಲ್ಲಿ ಬಿಸಿನೀರು. ಆ ಬಾಯ್ಲರಿನ ಯಜಮಾನ ಇವನು. ಊರಿನ ಬಿಸಿಯೆಲ್ಲ ಇವನ ಕೈಯಲ್ಲಿ.

ರಷ್ಯಾದವರ ಆ ದೊಡ್ಡ ದೇಶ ಒಡೆದ ಮೇಲಿನ ಒಂದು ಚಳಿಗಾಲವನ್ನು ಅವನು ಒಂದೇ ಸಲ ಹೇಳಿದ್ದು. ಕಲ್ಲಿದ್ದಲು ಬರಲಿಲ್ಲ. ಬಾಯ್ಲರು ಆರಬಾರದು ಅಂತ ಇವನು ಹಗಲೂ ರಾತ್ರಿ ಅಲ್ಲೇ, ಸಿಕ್ಕಿದ ಹಲಗೆ, ಬಾಗಿಲು ಎಲ್ಲ ಸುಟ್ಟ. ಆದರೂ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿ, ಒಂದೊಂದೇ ಒಡೆದುಹೋದವು. ಮನೆಯಲ್ಲಿ ಕೋಟು ಹಾಕಿಕೊಂಡೇ ಮಲಗಿದ್ದ ವಾಲ್ಯಳ ಎದೆಗೆ ಚಳಿ ಇಳಿಯಿತು. ಅವಳು ಹೋದಾಗ ನೆಲ ಕಬ್ಬಿಣದ ಹಾಗೆ, ಗುದ್ದಲಿ ನಾಟಲಿಲ್ಲ. ಟೈರು ಸುಟ್ಟು ನೆಲ ಕರಗಿಸಿ ಗುಂಡಿ ತೋಡಿದರಂತೆ. ಒಡೆದ ಕೊಳವೆಗಳನ್ನೇ ಬೆಸುಗೆ ಹಾಕಿ ಸಮಾಧಿಗೆ ಬೇಲಿ ಮಾಡಿ, ನೀಲಿ ಬಣ್ಣ ಬಳಿದನಂತೆ.

ಜಿಲ್ಲೆ ಅಳಿಸಿದ ದಿನ ಊರಲ್ಲಿ ಗಲಾಟೆಯೇನೂ ಆಗಲಿಲ್ಲವಂತೆ. ಆಫೀಸಿನವರು ಕುರ್ಚಿ, ಗಡಿಯಾರ, ಕೊನೆಗೆ ಬೋರ್ಡು, ಎಲ್ಲ ಲಾರಿಗೆ ಏರಿಸಿಕೊಂಡು ಹೋದರು. ಹಿಂದೆಯೇ ಜನ. ಖಾಲಿಯಾದ ಮನೆಗಳ ಕಿಟಕಿ ಚೌಕಟ್ಟನ್ನು ಉಳಿದವರು ಕಿತ್ತು ಒಲೆಗೆ ಹಾಕಿದರು. ಇವನನ್ನು ಮಗ ಇಲ್ಲಿಗೆ ಕರೆಸಿಕೊಂಡು, ಬೇರೆ ಮನೆಯಲ್ಲಿ ಒಬ್ಬನನ್ನೇ ಇರಿಸಿದ. ಮಗ ಇಲ್ಲಿಯ ಪೌರ, ಹಾಗಾಗಿ ಇವನಿಗೆ ನಮ್ಮ ಹಾಗೆ ಎದ್ದು ಹೋಗು ಅನ್ನುವ ಕಾಟವಿಲ್ಲ. ಹಳೆಯ ನೆರೆಯವಳು ಸೌಲೆ ಅನ್ನುವ ಕಜಕ ಟೀಚರು ವರ್ಷಕ್ಕೊಂದು ಸಲ ಬೇಲಿಗೆ ಬಣ್ಣ ಬಳಿದು ಫೋನು ಮಾಡುತ್ತಿದ್ದಳು. ಈ ವಸಂತದಲ್ಲಿ ಅವಳ ಫೋನು ಬಂದದ್ದು ಬೇರೆ ಊರಿನಿಂದ. ಅವಳೂ ಹೊರಟುಬಿಟ್ಟಿದ್ದಳು. ಅವಳ ಕಟ್ಟಡದಲ್ಲಿ ಅವಳದೇ ಕೊನೆಯ ದೀಪವಾಗಿತ್ತಂತೆ.

ಅದಾದ ಮೇಲೆ ಒಂದು ಸಂಜೆ ಮಂಜುವಿನ ಹಳೆಯ ಆಫೀಸಿನ ಕಡೆ ನಡೆದುಕೊಂಡು ಹೋದೆವು. ಪಾರ್ಕಿಂಗು ಬಟಾಬಯಲು, ಗಾಜಿನ ಮೇಲೆ ಬಾಡಿಗೆಗಿದೆ ಅನ್ನುವ ಬೋರ್ಡು, ಒಳಗೆ ಚಕ್ರದ ಕುರ್ಚಿಗಳು ಮಾತ್ರ ಒಂದು ಮೂಲೆಯಲ್ಲಿ ಗುಂಪಾಗಿ ನಿಂತಿವೆ. ಗ್ರಿಗೋರಿ ಗಾಜಿಗೆ ಹಣೆಯಿಟ್ಟು ಬಹಳ ಹೊತ್ತು ನೋಡಿದ. ನಾನು “ಇಲ್ಲೂ ಟೈರು ಸುಡಬೇಕೇನಯ್ಯಾ?” ಅಂದೆ. ಕೆಟ್ಟ ತಮಾಷೆ. ಅವನು ನಗಲಿಲ್ಲ, “ಇಲ್ಲಿ ನೆಲ ಮೆತ್ತಗಿದೆ” ಅಂದ. ಆಮೇಲೆ ನನ್ನ ತೋಳು ಹಿಡಿದು ಕೇಳಿದ. ನಿನ್ನ ಹೆಂಡತಿಯ ಹತ್ತಿರ ಹೋಗುವಾಗ ನಾನೂ ಬರಬಹುದೇ? ವಾಲ್ಯಳ ಹೆಸರಿನಲ್ಲಿ ಒಂದು ಲೋಟ ಅಲ್ಲಿ ಇಡಬಹುದೇ?

ನನಗೆ ಗೊಂದಲವಾಯಿತು ಕಣೇ. ನಿನ್ನ ಜಾಗ, ನಿನ್ನ ಎಡೆ, ಅಲ್ಲಿ ಕಂಡು ಕೇಳದ ಹೆಂಗಸಿಗೆ ಲೋಟ ಇಡುವುದೇ? ಸುಮಳನ್ನು ಕೇಳಿದೆ. “ಅಪ್ಪಾ, ಅವ್ವ ಬಸ್ಸಲ್ಲಿ ಪಕ್ಕದ ಸೀಟಲ್ಲಿ ಕೂತೋರಿಗೂ ಚಿತ್ರಾನ್ನ ಕೊಡ್ತಿದ್ಲು. ಇದಕ್ಕೂ ಪರ್ಮಿಷನ್ ಕೇಳ್ಬೇಕಾ?” ಅಂದಳು. ಮೊಮ್ಮಗಳು “ಈಸ್ ಅಜ್ಜಿ ಗೆಟಿಂಗ್ ಎ ರೂಮ್‌ಮೇಟ್?” ಅಂತ ಕೇಳಿದಳು. ಅವಳಿಗೆ ಉತ್ತರ ಕೊಡಲು ಮಂಜುವೇ ಬೇಕಾಯಿತು.

ಆ ಭಾನುವಾರ ನಿನ್ನ ಕಲ್ಲಿನ ಮುಂದೆ ಏನೇನಿತ್ತು ಅಂತ ನಿನಗೇ ಗೊತ್ತು. ನಾನು ಮುದ್ದೆ, ಉಪ್ಪೆಸರು, ಹಾಲು ಇಟ್ಟೆ. ಅವನು ಪುಟ್ಟ ಲೋಟದಲ್ಲಿ ವೋಡ್ಕಾ ಸುರಿದು, ಮೇಲೆ ಕಪ್ಪು ಬ್ರೆಡ್ಡಿನ ತುಂಡು ಮುಚ್ಚಿದ. ಅವರ ಕಡೆ ಹಾಗಂತೆ. ನಾನು ಹೇಳಿದೆ, ನಮ್ಮ ಕಡೆಯೂ ಸತ್ತವರು ಕುಡಿಯುತ್ತಿದ್ದರೆ ಎಡೆಗೆ ಬ್ರಾಂದಿ ಇಡುತ್ತೇವೆ, ನನ್ನ ಮಾವನಿಗೆ ಇಟ್ಟಿದ್ದೇವೆ ಅಂತ. ಅವನ ಮುಖ ಅವತ್ತೊಂದೇ ದಿನ ಸಡಿಲವಾಯಿತು. ಮಾಲಿ ದೂರದಿಂದ ನೋಡಿ ಈ ಕಡೆ ಬರಲೇ ಇಲ್ಲ. ಗ್ರಿಗೋರಿ ಸುತ್ತ ಬೇಲಿ ಇಲ್ಲದ್ದನ್ನು ನೋಡಿ ನೋಡಿ, ಕೊನೆಗೆ ಬೆರಳಿನಿಂದಲೇ ಹುಲ್ಲಿನ ಮೇಲೆ ಬೇಲಿಯ ಗೆರೆ ಎಳೆದ. ಇಬ್ಬರಿಗೂ ಸೇರಿ ಒಂದೇ ಬೇಲಿ.

ಮೊನ್ನೆ ನಾವು ಹೋಗುತ್ತೇವೆ ಅಂತ ಅವನಿಗೆ ಹೇಳಿದೆ. ಅವನು ವಿಮಾನ ಯಾವತ್ತು, ಸಾಮಾನು ಎಷ್ಟು, ಏನೂ ಕೇಳಲಿಲ್ಲ. ಹಾಲು ಎಷ್ಟು, ತುಪ್ಪ ಎಷ್ಟು, ಮೊದಲು ಯಾವುದು ಅಂತ ಕೇಳಿದ. “ನನ್ನ ವಾಲ್ಯಳನ್ನು ಬಿಟ್ಟು ಬಂದೆ. ನಿನ್ನವಳನ್ನು ಬಿಡೋದಿಲ್ಲ” ಅಂದ. ಇದು ಅವನ ಮುರುಕಲು ಇಂಗ್ಲಿಷಿನಲ್ಲಿ ಇನ್ನೂ ಚಿಕ್ಕದಾಗಿತ್ತು, ನಾನೇ ಉದ್ದ ಮಾಡಿ ಬರೆದೆ. ಮುದ್ದೆ ಕಟ್ಟಲು ಅವನಿಗೆ ಬರುವುದಿಲ್ಲ, ಬ್ರೆಡ್ಡು ಇಡುತ್ತಾನೆ, ಸಹಿಸಿಕೋ. ಆಮೇಲೆ, ಎಡೆ ಇಟ್ಟು ಏನು ಹೇಳಬೇಕು, ಮಂತ್ರ ಏನು ಅಂದ. ಮಂತ್ರವೇನೂ ಇಲ್ಲ ಮಾರಾಯ, ಹೆಸರು ಹಿಡಿದು ಕರೆದರೆ ಸಾಕು ಅಂದೆ. “ಕರೆ” ಅಂದ. ಮದುವೆಯಾದಾಗಿನಿಂದ ನಿನ್ನನ್ನು ಇವಳೇ ಅಂದೆ, ಏಯ್ ಅಂದೆ, ಮಗಳು ಹುಟ್ಟಿದ ಮೇಲೆ ಸುಮಳವ್ವಾ ಅಂದೆ. ಹೆಸರು ಹಿಡಿದು ಯಾವತ್ತು ಕರೆದಿದ್ದೆ ಹೇಳು? ಬಸ್ ಸ್ಟಾಪಿನ ಬೆಂಚಿನಲ್ಲಿ, ಕಾರುಗಳು ಹೋಗುವ ಸದ್ದಿನ ನಡುವೆ, ಕೂಗಿ ಹೇಳಿಕೊಟ್ಟೆ. ಅವನಿಗೆ ಬಾಯಿ ತಿರುಗುವವರೆಗೂ ಹೇಳಿದೆ. ಅವನಿಗೆ ಬಂದ ಮೇಲೂ ಇನ್ನೆರಡು ಸಲ ಹೇಳಿದೆ.

ನನ್ನ ಪಾಲಿನ ಮಾತನ್ನೂ ಕೊಟ್ಟಿದ್ದೇನೆ. ಈ ಪಿತೃಪಕ್ಷದಿಂದ ನಮ್ಮ ಮನೆಯಲ್ಲಿ ಎಡೆಗೆ ಎರಡು ಎಲೆ, ಒಂದು ನಿನಗೆ, ಒಂದು ವಾಲ್ಯಳಿಗೆ. ತುರ್ಗಾಯ್ ಯಾವ ದಿಕ್ಕಿಗೆ ಅಂತ ಕೇಳಿಕೊಂಡಿದ್ದೇನೆ, ಮಂಡ್ಯಕ್ಕೆ ಉತ್ತರ. ಅವನಿಗೋ ಎಂಬತ್ತಾಗುತ್ತಾ ಬಂತು, ಮೆಟ್ಟಿಲು ಹತ್ತಿದರೆ ಉಬ್ಬಸ. ಅವನ ನಂತರ ಆ ಗುಡ್ಡಕ್ಕೆ ಯಾರು ಬರುತ್ತಾರೆ… ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನೀನೂ ಕೇಳಬೇಡ.

ಬೆಳಕು ಹೋಗುತ್ತಾ ಇದೆ, ಈಗ ನೋಡಿದೆ. ದೀಪಗಳೆಲ್ಲ ಮೂವಿಂಗ್ ಸೇಲಿನಲ್ಲಿ ಮಾರಿಹೋದವು, ಮನೆಯಲ್ಲಿ ಡಬ್ಬಗಳು ಮಾತ್ರ. ಸಾಲು ಸಾಲಿನ ಮೇಲೆ ಬೀಳುತ್ತಿದೆ. ನಾಳೆ ನಾನೂ ಅವನೂ ಬರುತ್ತೇವೆ. ನಾಳಿದ್ದಿನಿಂದ ಅವನೊಬ್ಬನೇ. ಪರ ಗಂಡಸು ಹೆಸರು ಹಿಡಿದು ಕರೆಯುತ್ತಿದ್ದಾನೆ ಅಂತ ಸೆರಗು ಹೊದ್ದು ಸುಮ್ಮನಿರಬೇಡ. ಪುಟ್ಟಮ್ಮಾ, ಓ ಅನ್ನು.