ಒಮ್ಮೆ ಅಪ್ಪ, ಎರಡು ಸಲ ನಾನು

೧೭ ಮೇ ೧೯೮೮, ಕಲಬುರಗಿ
ಅಧಿಕ ಮಾಸ ಹಿಡಿಯಿತು. ಪ್ರೆಸ್ಸಿಗೆ ಲಗ್ನಪತ್ರಿಕೆಯ ಕೆಲಸ ಕಡಿಮೆ. ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಯವರು ಹಂಚಲಿಕ್ಕೆ ಸ್ತೋತ್ರದ ಪುಸ್ತಕ ಅಚ್ಚಿಗೆ ಕೊಟ್ಟಿದ್ದಾರೆ. ದಿನವಿಡೀ ಅಚ್ಚಿನ ಮೊಳೆ ಜೋಡಿಸಿದೆ. ಅವರು ಬರೆದುಕೊಟ್ಟದ್ದರಲ್ಲಿ ಒಂದು ಸಾಲೇ ಬಿಟ್ಟುಹೋಗಿತ್ತು. ನನ್ನ ಕೈ ಅದನ್ನೂ ಜೋಡಿಸಿಬಿಟ್ಟಿತ್ತು.
ಪ್ರೆಸ್ಸಿನ ಮಾಲೀಕ ಸಲಾವುದ್ದೀನ್ ಸಾಹೇಬರು ಪ್ರೂಫ್ ನೋಡಿ ನಕ್ಕರು.
"ಅರೇ ಬಂಡು, ದೇವರನ್ನ ನಂಬಂಗಿಲ್ಲ ಅಂತೀ. ಒಂದು ಸಾಲ ಬಿಟ್ರ ನಿನ್ನ ಹೊಟ್ಟ್ಯಾಗ ಯಾಕ ಸಂಕಟ?"
ಪ್ರೂಫ್ ತೆಗೆದುಕೊಂಡು ಮೊಳೆಗಳ ಕಡೆ ತಿರುಗಿದೆ. ಬೇಕಾದ ಮಾತು ನನ್ನ ಬಾಯಿಗೆ ಎಂದೂ ಬರುವುದಿಲ್ಲ. ಬರೆದರೆ ಮಾತ್ರ…

೨೩ ಮೇ
ಸಾಹೇಬರು ಸೇಡಂ ರಸ್ತೆಯಲ್ಲಿ ಹೊಸ ಮಷೀನ್ ಹಾಕುತ್ತಾರಂತೆ. ಅಲ್ಲಿ ನನ್ನನ್ನು ಪರ್ಮನೆಂಟ್ ಇಡುತ್ತಾರಂತೆ. ಜೂನ್ ಹದಿನೈದಕ್ಕೆ ಹೂಂ ಅನ್ನಬೇಕು. ನಮ್ಮೂರು ಕಮಲಾಪುರದಲ್ಲಿ ಅಪ್ಪ ಬೇರೆ ಕಾಯುತ್ತಿದ್ದಾರೆ — ತಾವು ಪಾರಾಯಣ ಮಾಡುವ ಮನೆಗಳನ್ನೆಲ್ಲ ನಾನು ವಹಿಸಿಕೊಳ್ಳಲೆಂದು.
ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದರು. ನಸುಕಿನಲ್ಲಿ ಎದುರಿಗೆ ಕೂರಿಸುವರು. ಶ್ಲೋಕವನ್ನು ಅವರು ಒಮ್ಮೆ ಅನ್ನುವುದು, ನಾನು ಎರಡು ಸಲ. ಏಳು ವರ್ಷ ಹೀಗೇ.
ನಂಬಿಕೆ ಹೋದದ್ದಕ್ಕೆ ದೊಡ್ಡ ಕಾರಣವಿಲ್ಲ. ಒಂದು ಸಂಜೆ ಸಂಧ್ಯಾವಂದನೆ ಬಿಟ್ಟೆ. ಏನೂ ಆಗಲಿಲ್ಲ. ಮರುದಿನವೂ ಬಿಟ್ಟೆ. ಶ್ಲೋಕ ಮಾತ್ರ ಬಿಡಲಿಲ್ಲ. ಜಗತ್ ಸರ್ಕಲ್ಲಿನ ಗದ್ದಲದಲ್ಲೂ ಒಳಗೆ ನಡೆದೇ ಇರುತ್ತದೆ.

೯ ಜೂನ್, ಗುರುವಾರ
ನಾಳೆ ಏಕಾದಶಿ. ಕಮಲಾಪುರದ ಇಂದೂಬಾಯಿಯವರ ಮನೆಯಲ್ಲಿ ಅಪ್ಪನ ಪಾರಾಯಣ. ಶುಕ್ರವಾರ ಪ್ರೆಸ್ಸಿಗೆ ರಜೆ. ಹೋಗುತ್ತೇನೆ. ಹಿಂದೆ ಸುಮ್ಮನೆ ಕೂರುತ್ತೇನೆ. ಮುಗಿದ ಮೇಲೆ ಹೇಳಿಬಿಡುತ್ತೇನೆ — ನಾನು ಬರುವುದಿಲ್ಲ, ಮನೆಗಳನ್ನು ಹಣಮಂತನಿಗೆ ಕೊಡಿರಿ. ಹಣಮಂತ ಚಿಕ್ಕಪ್ಪನ ಮಗ. ಅವನಿಗೆ ಆಸೆಯೂ ಇದೆ. ಈ ಮಾತನ್ನು ಚೀಟಿಯಲ್ಲಿ ಬರೆದು ಬಾಯಿಪಾಠ ಮಾಡಿದ್ದೇನೆ.

೧೦ ಜೂನ್, ಮಧ್ಯಾಹ್ನ ೩, ಕಮಲಾಪುರ
ಅಪ್ಪ ಹನ್ನೊಂದನೇ ಅಧ್ಯಾಯದ ನಡುವೆ ನಿಂತುಬಿಟ್ಟರು. ಕೆಮ್ಮು ಬಂದು ನಿಂತದ್ದಲ್ಲ. ಕಣ್ಣು ಮುಚ್ಚಿ ಹುಡುಕುತ್ತಿದ್ದರು. ಎದುರಿಗೆ ಪುಸ್ತಕವಿಲ್ಲ — ಎಂದೂ ಇಟ್ಟುಕೊಂಡವರಲ್ಲ. ಮೂವತ್ತು ಜನ ನೋಡುತ್ತಿದ್ದರು. ಹಣಮಂತ ತಲೆ ತಗ್ಗಿಸಿದ. ಆ ಅಧ್ಯಾಯ ಅವನಿಗೆ ಬಾರದು.
ಹಲ್ಲು ಕಚ್ಚಿ ಕೂತೆ. ಅಪ್ಪನ ಬೆರಳು ತೊಡೆಯ ಮೇಲೆ ಬಡಿಯುತ್ತಲೇ ಇತ್ತು, ಸಾಲಿಲ್ಲದೆ… ಆ ಸಾಲು ನನ್ನ ಬಾಯಿಂದ ಬಂತು. ಜೋರಾಗಿ. ಅದೂ ಎರಡು ಸಲ.
ಅಪ್ಪ ಮುಂದುವರಿಸಿದರು.
ಮುಗಿದ ಮೇಲೆ ಇಂದೂಬಾಯಿ ಕೆಂಪು ಬಾಳೆಹಣ್ಣಿನ ತಟ್ಟೆಯನ್ನು ನನ್ನ ಮುಂದೆ ಇಟ್ಟರು.
"ಎರಡೆರಡು ಸಲ ಅಂದ ನೋಡ್ರಿ ಆಚಾರ್ರ, ಏನು ಭಕ್ತಿ! ಇನ್ಮ್ಯಾಲ ನಮ್ಮ ಮನಿಗಿ ಬಂಡೂನೇ ಬರಬೇಕು."
"ಎಲ್ಲಾ ಮನಿಗೂ ಅವನೇ ಬರತಾನ್ರೀ," ಅಂದರು ಅಪ್ಪ.
ಭಕ್ತಿಯಲ್ಲ, ರೂಢಿ… ಅನ್ನಲಾಗಲಿಲ್ಲ. ಚೀಟಿಯ ಮಾತು ಒಂದಕ್ಷರವೂ ನೆನಪಿಗೆ ಬರಲಿಲ್ಲ.

೧೫ ಜೂನ್, ಬೆಳಗಿನ ೫.೫೫, ಕಮಲಾಪುರ
ಅಪ್ಪನಿಗೆ ಹೇಳಲಾಗದೆ ಶುಕ್ರವಾರದಿಂದ ಇಲ್ಲೇ ಉಳಿದೆ. ಸಾಹೇಬರಿಗೆ ಇವತ್ತೇ ಹೇಳಬೇಕು. ಆರಕ್ಕೆ ಬಸ್ಸು. ಚೀಲ ಕಟ್ಟಿದ್ದೆ.
ಅಪ್ಪ ಸ್ನಾನ ಮಾಡಿ ಬಂದು ಎದುರಿಗೆ ಕೂತರು — ಮೊದಲು ನಾನು ಕೂರುತ್ತಿದ್ದ ಜಾಗದಲ್ಲಿ.
"ಹನ್ನೊಂದನೇದು ಪೂರಾ ಹೋಗ್ಯದಪಾ. ಯಾರ ಮುಂದೂ ಅನ್ನಬ್ಯಾಡ. ನೀ ಒಮ್ಮೆ ಹೇಳು, ನಾ ಎರಡು ಸಲ ಅಂತೀನಿ."
"ಅಪ್ಪಾ, ನಾ ಇದನ್ನೆಲ್ಲ ನಂಬಂಗಿಲ್ರೀ."
"ಗೊತ್ತದ. ಹೇಳು."
ಹೇಳಿದೆ. ಅವರು ಎರಡು ಸಲ ಅಂದರು. ಎರಡನೆಯ ಸಲ ತಪ್ಪಿತು. ತಿದ್ದಿದೆ, ಅವರು ನನ್ನನ್ನು ತಿದ್ದುತ್ತಿದ್ದ ದನಿಯಲ್ಲೇ.
ನೀರು ಕುಡಿಯಲು ಎದ್ದಿದ್ದಾರೆ. ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಹೊರಗೆ ಬಸ್ಸಿನ ಹಾರ್ನ್. ಅಪ್ಪ ಬಂದು ಕೂತರು. ಕಾಯುತ್ತಿದ್ದಾರೆ. ಇನ್ನೊಂದೇ ಸಾಲು ಹೇಳಿ ಎದ್ದು ಬಸ್ಸಿಗೆ—